ಧೂಳು ತರಲು ಚಿಕ್ಕಜಾಲಕ್ಕೆ

ಬೆಳಗ್ಗೆ ಏಳೂಕಾಲಿಗೆ ಆರ್.ಟಿ. ನಗರದ ಮನೆ ಬಿಟ್ಟೆ. ಊಟದ ಡಬ್ಬಿ ಕಟ್ಟಿಕೊಂಡಿರಲಿಲ್ಲ, ಏಕೆಂದರೆ ಮಧ್ಯಾಹ್ನ ಎಲ್ಲಿರುತ್ತೇನೆಂದು ನನಗೇ ಗೊತ್ತಿರಲಿಲ್ಲ. ಎರಡೂ ಮಂಡಿಗೆ ನೋವಿನ ಎಣ್ಣೆ ತಿಕ್ಕಿಕೊಂಡಿದ್ದೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುರಿಯದಿರಲಿ ಎಂದು ಮೇಲಿಷ್ಟು ಪೌಡರನ್ನೂ ಹಾಕಿಕೊಂಡಿದ್ದೆ. ನನಗೆ ಐವತ್ತಾರು. ಇಪ್ಪತ್ತೆಂಟು ವರ್ಷ ಪ್ರಯೋಗಾಲಯದ ಫ್ಯಾನಿನ ಕೆಳಗೆ ರಕ್ತ, ಕಫ ಪರೀಕ್ಷೆ ಮಾಡಿಕೊಂಡು ತಣ್ಣಗೆ ಕೂತಿದ್ದವಳು, ಕೂತು ತಿನ್ನುವ ವಯಸ್ಸಿಗೆ ಮನೆಮನೆ ಅಲೆದು ಧೂಳು ತರುವ ಕೆಲಸಕ್ಕೆ ಒಪ್ಪಿಕೊಂಡೆ. ಬುದ್ಧಿಯನ್ನು ಎಲ್ಲಿಟ್ಟಿದ್ದೆ ಎಂದು ನನ್ನ ಗಂಡ ಈಗಲೂ ಕೇಳುತ್ತಾರೆ.

ಕೆಲಸದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ವ್ಯಾಕ್ಯೂಮ್ ಕ್ಲೀನರ್ ಹೊತ್ತು ಬಸ್ ಹತ್ತುವ ಹೆಂಗಸನ್ನು ನೀವೂ ಬೇರೇನೋ ಅಂದುಕೊಳ್ಳುತ್ತೀರಿ. ಯಶವಂತಪುರದ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ, ಅಲರ್ಜಿಯಿಂದ ಉಬ್ಬಸ ಬರುವ ಮಕ್ಕಳ ಬಗ್ಗೆ ಸಂಶೋಧನೆ ನಡೆಯುತ್ತಿದೆ. ನಾವು ಮಲಗುವ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಹುಳುಗಳಿರುತ್ತವೆ, ನಮ್ಮ ಮೈಯಿಂದ ಉದುರುವ ಹೊಟ್ಟನ್ನು ತಿಂದು ಬದುಕುತ್ತವೆ. ಹೆಚ್ಚಿನವರಿಗೆ ಅವುಗಳಿಂದ ಏನೂ ಆಗುವುದಿಲ್ಲ. ಕೆಲವು ಮಕ್ಕಳಿಗೆ ಮಾತ್ರ ಮೂಗು ಸೋರಿ, ಎದೆ ಬಿಗಿದು, ಉಸಿರು ಸುಯ್‌ಗುಡುತ್ತದೆ. ಅಂಥ ಮಕ್ಕಳ ಹಾಸಿಗೆಯಿಂದ ವರ್ಷದಲ್ಲಿ ಮೂರು ಸಲ ಧೂಳು ಹೀರಿ, ಚೀಲದಲ್ಲಿ ಮುಚ್ಚಿ ತಂದು ಫ್ರೀಜರಿನಲ್ಲಿಡುವುದು ನನ್ನ ಕೆಲಸ. ಮೂರು ಚೀಲವೂ ಸೇರಿದ ಮೇಲೆ ಒಟ್ಟಿಗೇ ಪರೀಕ್ಷೆ. ಮೂರೂ ಸರಿಯಾಗಿರುವ ಮಕ್ಕಳನ್ನು ಮಾತ್ರ ಮುಂದಿನ ಹಂತಕ್ಕೆ ಪರಿಗಣಿಸುತ್ತಾರೆ. ಅಲ್ಲಿ ದಿನಾ ನಾಲಿಗೆಯ ಕೆಳಗೆ ಔಷಧದ ಹನಿ ಹಾಕಿ, ಮಗುವಿನ ಮೈ ಆ ಹುಳುವಿಗೆ ಒಗ್ಗಿಕೊಳ್ಳುತ್ತದೆಯೇ ಎಂದು ನೋಡುತ್ತಾರೆ.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಸೀಟು ಮಾತ್ರ ಅದೃಷ್ಟ. ಮೇಖ್ರಿ ವೃತ್ತದಲ್ಲಿ ಹದಿನೆಂಟು ನಿಮಿಷ ನಿಂತು, ಯಶವಂತಪುರ ಮುಟ್ಟುವಾಗ ಎಂಟೂಕಾಲು. ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಡಾಕ್ಟರ್ ವೀಣಾ ಆಗಲೇ ಬಂದು ಪಟ್ಟಿ ಹರಡಿಕೊಂಡಿದ್ದರು. ಈ ಸಂಶೋಧನೆ ಅವರದು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ನನ್ನಷ್ಟೇ ಸುಸ್ತಾದವರು.

"ಮೇಡಂ, ಇವತ್ತೇ ಲಾಸ್ಟು. ನಾಳೆ ಬೆಳಗ್ಗೆ ಪಟ್ಟಿ ಕ್ಲೋಸ್ ಮಾಡ್ತೀವಿ. ಮೂರು ಮನೆ ಉಳಿದಿದೆ," ಅಂದರು. "ಚಿಕ್ಕಜಾಲದ ಮನಸ್ವಿದು ಮಾತ್ರ ತಪ್ಪಿಸ್ಬೇಡಿ. ಆ ಮಗೂಗೆ ಉಬ್ಬಸ ತುಂಬಾ ಜಾಸ್ತಿ ಇದೆ. ಅವರಮ್ಮ ವಾರಕ್ಕೊಂದ್ಸಲ ಫೋನ್ ಮಾಡಿ ಹನಿ ಯಾವಾಗ ಕೊಡ್ತೀರಾ ಅಂತ ಕೇಳ್ತಾರೆ."

ಯಂತ್ರ, ಚೀಲಗಳು, ಹಾಸಿಗೆಯ ಮೇಲೆ ಅಳತೆಗೆ ಹರಡುವ ಒಂದು ಮೀಟರ್ ಚೌಕದ ದಾರ, ಐಸ್ ತುಂಬಿದ ಡಬ್ಬ, ಫಾರಂಗಳ ಫೈಲು, ಎಲ್ಲ ಸೇರಿ ಏಳೆಂಟು ಕಿಲೋ. ಹೆಗಲಿಗೆ ಹಾಕಿಕೊಂಡು ಮೆಟ್ರೋ ಹತ್ತಿದೆ. ಜಾಲಹಳ್ಳಿಗೆ ಐದು ನಿಲ್ದಾಣವೂ ಆಗುವುದಿಲ್ಲ, ಮೂವತ್ತು ರೂಪಾಯಿ. ಬ್ಯಾಗ್ ತಪಾಸಣೆಯವಳು ಪ್ರತಿ ಸಲದಂತೆ ಯಂತ್ರವನ್ನು ಹೊರಗೆ ತೆಗೆಸಿ, ಕೊಳವೆಯೊಳಗೆ ಇಣುಕಿ ನೋಡಿ ಒಳಗೆ ಬಿಟ್ಟಳು. ಜಾಲಹಳ್ಳಿಯಿಂದ ಶೆಟ್ಟಿಹಳ್ಳಿಗೆ ಆಟೋದವನು ತೊಂಬತ್ತು ಕೇಳಿದ. ಎಂಬತ್ತಕ್ಕೆ ಇಳಿಸುವಷ್ಟು ಚೈತನ್ಯ ಆಗಿನ್ನೂ ನನ್ನಲ್ಲಿತ್ತು.

ಶೆಟ್ಟಿಹಳ್ಳಿಯ ಆ ಮನೆ ಎರಡನೆಯ ಮಹಡಿಯಲ್ಲಿ, ಒಂದು ಹಾಲ್, ಒಂದು ಅಡುಗೆಮನೆ. ಮೆಟ್ಟಿಲು ಹತ್ತುವಾಗಲೇ ಫಿನಾಯಿಲ್ ವಾಸನೆ ಬಂತು. ಎಂಟು ವರ್ಷದ ದರ್ಶನನ ಅಮ್ಮ ನಗುತ್ತಾ ಬಾಗಿಲು ತೆರೆದರು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಾಸಿಗೆಯ ಮೇಲೆ ಮಡಿಕೆಯ ಗೆರೆ ಕೂಡ ಮಾಸದ ಹೊಸ ಹೊದಿಕೆ.

"ಎರಡು ವಾರ ಏನೂ ಒಗೀಬೇಡಿ, ಬಿಸಿಲಿಗೆ ಹಾಕ್ಬೇಡಿ ಅಂತ ನಿನ್ನೆ ಫೋನಲ್ಲೂ ಹೇಳಿದ್ನಲ್ಲಮ್ಮಾ," ಅಂದೆ.

"ಅಯ್ಯೋ, ನೀವು ಬರ್ತೀರ ಅಂತ ಗೊತ್ತಿದ್ದೂ ಹಂಗೇ ಬಿಡಕ್ಕಾಗತ್ತಾ ಮೇಡಂ? ಏನಂದ್ಕೊತೀರ ನಮ್ಮನ್ನ?"

ವರ್ಷದಿಂದ ನಾನು ಹೋರಾಡುತ್ತಿರುವುದು ಇದರ ಜೊತೆಗೇ. ಸಂಶೋಧನೆಯ ನಿಯಮದ ಪ್ರಕಾರ ಯಾರ ಮನೆಗೂ ಹೇಳದೆ ಕೇಳದೆ ನುಗ್ಗುವಂತಿಲ್ಲ, ಹಿಂದಿನ ದಿನವೇ ತಿಳಿಸಬೇಕು. ತಿಳಿಸಿದರೆ ನಮ್ಮ ಹೆಂಗಸರು ಗುಡಿಸದೆ ಒರೆಸದೆ ಸುಮ್ಮನಿರುವುದು ಆಗದ ಮಾತು. ಬರುವವಳು ಕೊಳೆ ಹುಡುಕಿಕೊಂಡೇ ಬರುತ್ತಾಳೆಂದು ಗೊತ್ತಿದ್ದರೂ, ಮನೆಗೆ ಬಂದವರೆದುರು ಕೊಳೆ ತೋರಿಸುವುದು ಹೇಗೆ? ಬಯ್ಯಲು ನನಗೂ ಬಾಯಿ ಬರುವುದಿಲ್ಲ. ನಮ್ಮ ಮನೆಗೆ ಯಾರಾದರೂ ಬರುತ್ತಾರೆಂದರೆ ನಾನೂ ಸೊಂಟ ಬಗ್ಗಿಸಿ ಸೋಫಾದ ಕೆಳಗೆ ಗುಡಿಸುವವಳೇ.

ಪುಣ್ಯಕ್ಕೆ ಒಗೆದದ್ದು ಹೊದಿಕೆಯನ್ನು ಮಾತ್ರ, ಹಾಸಿಗೆಯನ್ನು ಬಿಸಿಲಿಗೆ ಹಾಕಿರಲಿಲ್ಲ. ಹೊದಿಕೆ ತೆಗೆಸಿ, ದಾರದ ಚೌಕ ಹರಡಿ, ಗಡಿಯಾರ ನೋಡುತ್ತಾ ಎರಡು ನಿಮಿಷ ಕೊಳವೆ ಆಡಿಸಿದೆ. ದರ್ಶನ ಯಂತ್ರಕ್ಕೆ ಆನೆ ಎಂದು ಹೆಸರಿಟ್ಟಿದ್ದಾನೆ. "ಆನೆಗೆ ಇವತ್ತು ಹೊಟ್ಟೆ ತುಂಬ್ತಾ ಆಂಟಿ?" ಎಂದು ಕೇಳಿದ. ಅರ್ಧ ಚಮಚೆಯಷ್ಟು ಬಂದಿತ್ತು, ಅಷ್ಟು ಸಾಕು. ನಾನು ನಾಲ್ಕು ಸಲ ಸೀನಿದೆ. ಧೂಳು ನನಗೂ ಆಗುವುದಿಲ್ಲ. ಅದನ್ನು ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶೆಟ್ಟಿಹಳ್ಳಿಯಿಂದ ಗಂಗಮ್ಮನ ಗುಡಿ ವೃತ್ತ, ಅಲ್ಲಿಂದ ಹೆಬ್ಬಾಳ. ಎರಡು ಬಸ್ಸು, ಒಂದೂಕಾಲು ಗಂಟೆ. ಫೆಬ್ರವರಿ ಕೊನೆಯ ಬಿಸಿಲು ಹತ್ತು ಗಂಟೆಗೇ ಚುರುಗುಟ್ಟುತ್ತಿತ್ತು. ಹೆಬ್ಬಾಳದಲ್ಲಿ ಮೆಟ್ರೋ ಕಂಬಗಳ ಕೆಲಸ, ಅಗೆದ ಮಣ್ಣು, ಒಂದರ ಹಿಂದೊಂದು ನಿಂತ ಲಾರಿಗಳು. ಇಡೀ ಊರೇ ಧೂಳು ಹಾರಿಸುತ್ತಿರುವಾಗ ನಾನೊಬ್ಬಳು ಅರ್ಧ ಚಮಚೆ ಧೂಳನ್ನು ಐಸ್ ಡಬ್ಬದಲ್ಲಿಟ್ಟು ಜೋಪಾನ ಮಾಡುತ್ತಿದ್ದೆ. ನಗು ಬರಬೇಕಿತ್ತು, ಬರಲಿಲ್ಲ. ಬಸ್ಸಿನ ಕಂಬ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದೆ.

ಜಕ್ಕೂರಿನ ಮನೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿತ್ತು. ಗೇಟಿನ ಕಾವಲುಗಾರ ನನ್ನ ಯಂತ್ರ ನೋಡಿ, "ಕ್ಲೀನಿಂಗ್‌ನವ್ರು ಆ ಕಡೆ ಲಿಫ್ಟಲ್ಲಿ ಹೋಗ್ಬೇಕು," ಅಂದ. ಆಸ್ಪತ್ರೆಯ ಗುರುತಿನ ಚೀಟಿ ಕುತ್ತಿಗೆಯಲ್ಲೇ ತೂಗುತ್ತಿತ್ತು. ತೋರಿಸಿ ವಾದ ಮಾಡಬಹುದಿತ್ತು. ಬೇಡವೆನ್ನಿಸಿ, ಕಸದ ಡಬ್ಬಗಳ ಜೊತೆ ಸಾಮಾನಿನ ಲಿಫ್ಟಿನಲ್ಲೇ ಒಂಬತ್ತನೆಯ ಮಹಡಿಗೆ ಹೋದೆ.

ಅಲ್ಲಿಯ ತಂದೆ ಮನೆಯಿಂದಲೇ ಕೆಲಸ ಮಾಡುವವರು, ಶಿಸ್ತಿನ ಮನುಷ್ಯ. ನಮ್ಮ ಸೂಚನೆಯ ಹಾಳೆಯನ್ನು ಮಗಳ ಮಂಚದ ತಲೆಗೇ ಅಂಟಿಸಿದ್ದರು. ಎರಡು ವಾರ ಅಂದದ್ದಕ್ಕೆ ಇವರು ಒಂದು ತಿಂಗಳು ಹಾಸಿಗೆ ಮುಟ್ಟಿರಲಿಲ್ಲ, ಕೆಲಸದವಳಿಗೂ ಮುಟ್ಟಗೊಟ್ಟಿರಲಿಲ್ಲ. "ಡೇಟಾ ಪ್ಯೂರ್ ಆಗಿರ್ಬೇಕಲ್ವಾ ಮೇಡಂ?" ಅಂದರು. ಮಗಳು ಸೋಫಾದಲ್ಲಿ ಕೂತು ಮೂಗೊರೆಸಿಕೊಳ್ಳುತ್ತಿದ್ದಳು. ಪಾಪ ಅನ್ನಿಸಿತು. ಧೂಳಂತೂ ಧಾರಾಳವಾಗಿ ಸಿಕ್ಕಿತು. ಫಾರಂ ತುಂಬಿಸುವಾಗ ಪಕ್ಕದ ಏರೋಡ್ರೋಮಿನಿಂದ ಎದ್ದ ಪುಟ್ಟ ವಿಮಾನವೊಂದು ಕಿಟಕಿಯ ಮಟ್ಟದಲ್ಲೇ ಗುರ್ರೆಂದು ಹೋಯಿತು. ಅವರು ಕೊಟ್ಟ ಕಾಫಿ ಕುಡಿದು, ಅದೇ ಲಿಫ್ಟಿನಲ್ಲಿ ಕೆಳಗಿಳಿದೆ.

ಯಲಹಂಕದಲ್ಲಿ ಊಟ. ಪೊಲೀಸ್ ಸ್ಟೇಷನ್ನಿಗೆ ಸ್ವಲ್ಪ ದೂರದ ಒಂದು ದರ್ಶಿನಿ, ಅನ್ನ ಸಾಂಬಾರಿಗೆ ಐವತ್ತೈದು ರೂಪಾಯಿ. ಕೂರಲು ಜಾಗವಿಲ್ಲ, ಎತ್ತರದ ಮೇಜಿಗೆ ಒರಗಿ ನಿಂತು ತಿನ್ನಬೇಕು. ಎದುರಿಗೆ ಇಡ್ಲಿ ತಿನ್ನುತ್ತಿದ್ದವರೊಬ್ಬರು ನನ್ನ ಕಾಲ ಬಳಿಯ ಯಂತ್ರವನ್ನೇ ನೋಡಿ, "ಡೆಮೋ ಕೊಡ್ತೀರಾ ಮೇಡಂ? ನಮ್ಮ ಮನೇಲಿ ಮೂರು ಸೋಫಾ ಇದೆ," ಅಂದರು. ಇಲ್ಲ, ಇದು ಮಾರಾಟಕ್ಕಲ್ಲ ಎಂದೆ. "ಮತ್ಯಾಕೆ ಹೊತ್ಕೊಂಡು ತಿರುಗ್ತೀರಾ?" ಎಂದು ಕೇಳಿದರು. ಅನ್ಯಾಯದ ಪ್ರಶ್ನೆಯೇನಲ್ಲ. ಸಾಂಬಾರು ಆರುತ್ತದೆಂಬ ನೆಪದಲ್ಲಿ ತಟ್ಟೆಯ ಕಡೆ ಬಗ್ಗಿದೆ.

ಚಿಕ್ಕಜಾಲ ಅಲ್ಲಿಂದ ಹತ್ತು ಕಿಲೋಮೀಟರಿನ ಆಸುಪಾಸು. ದೇವನಹಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೊನೆಗೂ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದ ಹೆದ್ದಾರಿಯಲ್ಲಿ ವಿಮಾನ ನಿಲ್ದಾಣದ ಟ್ಯಾಕ್ಸಿಗಳು ಸರಸರನೆ ಹೋಗುತ್ತಿದ್ದವು. ಮನಸ್ವಿಯ ಅಮ್ಮ ರೂಪಾ ಅಷ್ಟರಲ್ಲಿ ಎರಡು ಸಲ ಫೋನ್ ಮಾಡಿದ್ದಳು. "ಬರ್ತಿದೀರಾ ತಾನೆ ಮೇಡಂ? ನಾನು ರೂಮಿಗೆ ಬೀಗ ಹಾಕಿಟ್ಟಿದೀನಿ, ಯಾರೂ ಕ್ಲೀನ್ ಮಾಡ್ಬಾರ್ದು ಅಂತ," ಅಂದಳು. ಈ ಮನೆಯಲ್ಲಾದರೂ ನೆಮ್ಮದಿ ಎಂದುಕೊಂಡು ಸ್ವಲ್ಪ ತೂಕಡಿಸಿದೆ.

ಬಸ್ ಇಳಿದು ಎರಡು ನಿಮಿಷ ನಡೆದರೆ ಮನೆ. ಇವರದು ಹಳೆಯ ಒಕ್ಕಲು ಮನೆತನ. ಒಂದಷ್ಟು ಜಮೀನು ರಸ್ತೆಗೆ ಹೋಯಿತು, ಉಳಿದದ್ದರಲ್ಲಿ ಮನಸ್ವಿಯ ಅಪ್ಪ ಈಗ ಮನೆ ಕಟ್ಟಿಸಿ ಮಾರುತ್ತಾರೆ. ಮುಂದೆ ಗ್ರಾನೈಟ್ ಹೊದಿಸಿದ ಮೂರು ಅಂತಸ್ತು, ಹಿಂದೆ ಶೀಟಿನ ಕೊಟ್ಟಿಗೆ, ಅಲ್ಲೊಂದೇ ಹಸು. ಮನಸ್ವಿಗೆ ಆರು ವರ್ಷ. ಕಣ್ಣ ಕೆಳಗೆ ಕಪ್ಪು, ಬಾಯಲ್ಲಿ ಉಸಿರಾಡುವ ಮಗು. ಅವಳ ಅಜ್ಜಿ ಗೌರಮ್ಮ ಬಾಗಿಲಲ್ಲೇ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದರು.

"ಬಾರವ್ವ, ಬಿಸ್ಲಾಗೆ ಬಂದಿದ್ದೀಯ. ಮೊದ್ಲು ಕುಡಿ, ಆಮ್ಯಾಕೆ ನಿನ್ ಕೆಲ್ಸ."

ಕುಡಿದು, ರೂಪಾಳ ಹಿಂದೆ ಮೇಲಿನ ಮಹಡಿ ಹತ್ತಿದೆ. ಮನಸ್ವಿಯ ಕೋಣೆ ನನಗೆ ಹೊಸದಲ್ಲ, ಹಿಂದೆ ಎರಡು ಸಲವೂ ಅಲ್ಲೇ ಧೂಳು ತೆಗೆದಿದ್ದೆ. ಗುಲಾಬಿ ಗೋಡೆ, ಗುಲಾಬಿ ಮಂಚ, ಸಾಲಾಗಿ ಗೊಂಬೆಗಳು. ರೂಪಾ ಸೊಂಟದಿಂದ ಕೀಲಿ ತೆಗೆದು ಬೀಗ ತೆರೆದಳು. ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ಹಾಸಿಗೆಯ ಮೇಲೆ ಹೊಸ ಹೊದಿಕೆ. ಕಿಟಕಿಗಳ ಗಾಜು ಫಳಫಳ. ಗೊಂಬೆಗಳ ಕೂದಲು ಕೂಡ ಬಾಚಿತ್ತು.

"ಅತ್ತೇ!" ಎಂದು ಕೂಗಿದ ದನಿಗೆ ಕೊಟ್ಟಿಗೆಯ ಹಸುವೂ ಕಿವಿ ನಿಮಿರಿಸಿರಬೇಕು.

ಗೌರಮ್ಮ ಕೆಳಗಿನಿಂದಲೇ ಉತ್ತರಿಸಿದರು. "ನೀನು ಬೆಳಿಗ್ಗೆ ಮಗೂನ ಸ್ಕೂಲ್‌ಗೆ ಬಿಡಕೋದಾಗ ಇನ್ನೊಂದು ಕೀಲಿ ತಗ್ಸಿ ನಾನೇ ಮಾಡ್ಸಿವ್ನಿ. ಹಾಸಿಗೇನೂ ಮಾಡಿ ಮ್ಯಾಲೆ ಹಾಕ್ಸಿ, ಬಡ್ಸಿ, ಒಣಗ್ಸಿವ್ನಿ. ದೊಡ್ಡಾಸ್ಪತ್ರೆಯೋರು ಬತ್ತಾರೆ ಅಂದ್ರೆ ಅಂಗೇ ಬಿಡಕಾಯ್ತದಾ? ಬೀಗ ಹಾಕಿ ಕೊಳೆ ಇಡ್ತಾರಾ ಯಾರಾದ್ರೂ?"

ಆದರೂ ಕೊಳವೆ ಆಡಿಸಿದೆ. ಎರಡು ನಿಮಿಷವಲ್ಲ, ನಾಲ್ಕು ನಿಮಿಷ. ಚೀಲ ಬಿಚ್ಚಿ ಬೆಳಕಿಗೆ ಹಿಡಿದರೆ ಎರಡು ಗುಲಾಬಿ ದಾರದ ಎಳೆ ಬಿಟ್ಟು ಏನೂ ಇರಲಿಲ್ಲ. ರೂಪಾ ಮಂಚದ ಅಂಚಿಗೆ ಕುಸಿದು ಕೂತಳು. "ಒಂದ್ ವರ್ಷ ಕಾದಿದೀನಿ ಮೇಡಂ. ಪ್ರತಿ ತಿಂಗಳು ಇವಳನ್ನ ಎತ್ಕೊಂಡು ನೆಬ್ಯುಲೈಸರ್‌ಗೆ ಓಡೋದು ಯಾರು, ಅವರಾ? ಈಗ ಮನೆ ನೀಟಾಗಿ ಕಾಣ್ಲಿ ಅಂತ..." ಮಾತು ಮುಗಿಸದೆ ಅತ್ತಳು. ನನಗೂ ಅಳು ಬಂದ ಹಾಗಾಯಿತು. ಬೆಳಗ್ಗೆಯಿಂದ ಹೊತ್ತ ಭಾರವೆಲ್ಲ ಒಟ್ಟಿಗೇ ಹೆಗಲಿಗಿಳಿಯಿತು.

ಶಾಲೆಯಿಂದ ಬಂದು ಸಮವಸ್ತ್ರದಲ್ಲೇ ಇದ್ದ ಮನಸ್ವಿ ನಮ್ಮಿಬ್ಬರನ್ನೂ ನೋಡಿ, ಸಹಾಯ ಮಾಡುವ ಉತ್ಸಾಹದಲ್ಲಿ ನನ್ನ ಸೆರಗು ಜಗ್ಗಿದಳು. "ಆಂಟಿ, ಧೂಳು ತಾನೆ ಬೇಕು? ಅಜ್ಜಿ ಹಾಸಿಗೇಲಿ ತುಂಬಾ ಇದೆ. ನಾನು ಅಲ್ಲೇ ಮಲಗೋದು. ಇದು ಗೊಂಬೆಗಳದ್ದು."

ರೂಪಾಳ ಮುಖ ಅರಳಿತು. "ಹೌದಲ್ವಾ! ಮೇಡಂ, ಅದ್ರಿಂದ ತಗೊಳ್ಳಿ, ಬನ್ನಿ," ಎಂದು ಕಣ್ಣೊರೆಸಿಕೊಂಡು ಮುಂದೆ ನಡೆದಳು. ಧೂಳು ಸಿಗುತ್ತದಲ್ಲ ಎಂಬ ಆಸೆಯಲ್ಲಿ ನಾನೂ ಹಿಂದುಮುಂದು ನೋಡದೆ ಇಳಿದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹಳೆಯ ಮರದ ಮಂಚ, ಮೇಲೊಂದು ಹತ್ತಿಯ ಹಾಸಿಗೆ, ಅದರ ಮೇಲೆ ಕಂಬಳಿ. ಹಾಸಿಗೆ ಗೌರಮ್ಮನ ಮದುವೆಯಲ್ಲಿ ತವರಿನವರು ಹೊಲಿಸಿಕೊಟ್ಟದ್ದಂತೆ. ನಡುವೆ ಅಜ್ಜಿಯ ಮೈಗೆ ಒಂದು ಹಳ್ಳ, ಅದರ ಪಕ್ಕ ಇನ್ನೊಂದು ಪುಟ್ಟ ಹಳ್ಳ. ಅತಿಥಿಗಳು ಬರದ ಕೋಣೆ, ಆದ್ದರಿಂದ ಇದಕ್ಕೆ ಬಿಸಿಲು ತೋರಿಸಿರಲಿಲ್ಲ. ಚೌಕ ಹರಡಿ, ಸರಿಯಾಗಿ ಎರಡು ನಿಮಿಷ ಹೀರಿದೆ. ಚೀಲ ಬೂದು ಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿತು. ಇಡೀ ವರ್ಷದಲ್ಲಿ ಯಾವ ಮನೆಯಲ್ಲೂ ಅಷ್ಟು ಬಂದಿರಲಿಲ್ಲ.

ಸೀನುತ್ತಲೇ ಫಾರಂ ತೆಗೆದು ತುಂಬಿಸತೊಡಗಿದೆ. ಹೆಸರು, ವಯಸ್ಸು, ಹಾಸಿಗೆ ಯಾವುದರದು, ಎಂದು ಒಗೆದದ್ದು. ಆರನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಹಿಂದಿನ ಎರಡು ಸಲ ಧೂಳು ತೆಗೆದ ಹಾಸಿಗೆಯೇ ಇದು? ಎದುರಿಗೆ ಗುರುತು ಹಾಕಲು ಎರಡು ಖಾನೆ: ಹೌದು, ಇಲ್ಲ.

"ಮನಸ್ವಿ ಯಾವಾಗಿಂದ ಇಲ್ಲಿ ಮಲಗ್ತಾಳೆ?" ಎಂದು ಕೇಳಿದೆ.

"ಹುಟ್ಟಿದಾಗಿಂದ," ಅಂದರು ಗೌರಮ್ಮ. "ನಡುರಾತ್ರೀಲಿ ಉಸ್ರು ಕಟ್ಟಿದ್ರೆ ನಂಗೇ ಮೊದ್ಲು ಗೊತ್ತಾಗೋದು. ಎತ್ತಿ ಕೂರಿಸ್ಕೊಂಡು ಬೆನ್ನು ನೀವ್ತೀನಿ."

"ಮತ್ತೆ ಹೋದ್ಸಲ, ಅದರ ಹಿಂದಿನ ಸಲ ನಂಗೆ ಮೇಲಿನ ಮಂಚ ತೋರಿಸಿದ್ರಲ್ಲ ರೂಪಾ?"

"ಮಗೂ ಹಾಸಿಗೆ ಯಾವುದು ಅಂತ ಕೇಳಿದ್ರಿ. ಅದೇ ಅಲ್ವಾ ಮೇಡಂ ಅವಳ ಹಾಸಿಗೆ? ಅವಳಿಗೇ ಅಂತ ತಂದಿದ್ದು."

ಅವಳು ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ತೋರಿಸಿದ್ದಳು. ಕೇಳಿದ್ದೇ ತಪ್ಪಾಗಿತ್ತು. ಒಂದು ಮಗುವಿಗೆ ಒಂದು ಕೋಣೆ, ಒಂದು ಹಾಸಿಗೆ ಇರುವ ದೇಶದಲ್ಲಿ ಯಾರೋ ಬರೆದ ಪ್ರಶ್ನೆಯನ್ನು ನಾನು ಓದುತ್ತಾ ಬಂದಿದ್ದೆ. ಹೈಸ್ಕೂಲ್ ಮುಗಿಯುವವರೆಗೆ ನನ್ನಜ್ಜಿಯ ಮಗ್ಗುಲಲ್ಲಿ ಮಲಗಿದವಳು ನಾನು. ಮಗು ರಾತ್ರಿ ಎಲ್ಲಿ ಮಲಗುತ್ತದಮ್ಮಾ ಎಂದು ಕೇಳಬೇಕೆಂಬುದು ನನಗಾದರೂ ಹೊಳೆಯಬೇಕಿತ್ತು. ಫ್ರೀಜರಿನಲ್ಲಿ ಮನಸ್ವಿಯ ಹೆಸರಿನಲ್ಲಿದ್ದ ಎರಡು ಚೀಲಗಳಲ್ಲಿ ಇದ್ದದ್ದು ಗೊಂಬೆಗಳ ಧೂಳು.

ಮೂರು ಚೀಲವೂ ಮಗು ಮಲಗುವ ಒಂದೇ ಹಾಸಿಗೆಯದಾಗಿರಬೇಕು ಎಂದು ರೂಪಾಳಿಗೆ ಹೇಳಿದೆ. ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ನೀವು ಹೌದು ಅಂತ ಬರೆದ್ರೆ ಯಾರಿಗೆ ಗೊತ್ತಾಗತ್ತೆ ಮೇಡಂ? ಮೂರು ಚೀಲ ಆಯ್ತಲ್ಲ. ನಿಮ್ಮ ಮೊಮ್ಮಗಳು ಅಂದ್ಕೊಳ್ಳಿ."

ಬರೆಯಬೇಕೆನ್ನಿಸಿತು. ಇದನ್ನು ಮುಚ್ಚಿಡುವುದಿಲ್ಲ. ಒಂದು ಸಣ್ಣ ಗುರುತು ಹಾಕಿದ್ದರೆ ಆ ಮಗು ಪಟ್ಟಿಯಲ್ಲಿರುತ್ತಿತ್ತು, ನಾನು ಒಳ್ಳೆಯವಳಾಗಿ ಮನೆಗೆ ಹೋಗುತ್ತಿದ್ದೆ, ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ಇನ್ನೊಬ್ಬರ ಮಕ್ಕಳ ರಕ್ತದ ವರದಿಗೆ ಸಹಿ ಹಾಕಿದ ಕೈ ಇದು, ಅದಕ್ಕೆ ಬರಲಿಲ್ಲ. ಇಲ್ಲದ ಲೆಕ್ಕದ ಮೇಲೆ ನಾಳೆ ಎಷ್ಟೋ ಮಕ್ಕಳ ನಾಲಿಗೆಯ ಕೆಳಗೆ ಔಷಧ ಹಾಕುತ್ತಾರೆ. ಅಲ್ಲೇ ನಿಂತು ಡಾಕ್ಟರ್ ವೀಣಾಗೆ ಫೋನ್ ಮಾಡಿದೆ, ರೂಪಾಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

ಡಾಕ್ಟರ್ ಎಲ್ಲ ಕೇಳಿಸಿಕೊಂಡರು. "ಇದ್ದದ್ದು ಬರೀರಿ ಮೇಡಂ. ಈ ಸಲ ಮನಸ್ವಿನ ತಗೊಳ್ಳಕ್ಕಾಗಲ್ಲ," ಅಂದರು. "ಇವತ್ತಿನ ಚೀಲ ತಗೊಂಡ್ಬನ್ನಿ, ಅವಳಿಗೆ ಮಾಮೂಲಿ ಟ್ರೀಟ್‌ಮೆಂಟು ಓಪಿಡಿಲಿ ನಾನೇ ನೋಡ್ತೀನಿ. ಮತ್ತೆ... ಬೇರೆ ಮನೆಗಳಲ್ಲೂ ಹಿಂಗೇ ಆಗಿದ್ಯಾ?"

"ಕೇಳ್ಬೇಕು ಡಾಕ್ಟ್ರೇ. ಪಟ್ಟಿ ಮುಚ್ಚೋ ಮುಂಚೆ ಎಲ್ಲ ಮನೆಗೂ ಕೇಳ್ಬೇಕು."

ನಾನು 'ಇಲ್ಲ' ಎಂಬುದಕ್ಕೆ ಗುರುತು ಹಾಕಿ ಸಹಿ ಮಾಡಿದೆ. ರೂಪಾ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಗೌರಮ್ಮನಿಗೆ ಪಟ್ಟಿ, ಹಂತ, ಹನಿ ಯಾವುದೂ ಬೇಕಿರಲಿಲ್ಲ. ಅವರ ಕಣ್ಣು ಆ ಉಬ್ಬಿದ ಚೀಲದ ಮೇಲೇ ಇತ್ತು. ಹತ್ತಿರ ಬಂದು ಬೆರಳಿನಿಂದ ಒತ್ತಿ ನೋಡಿದರು.

"ಇದಾ? ಇದ್ರಿಂದ್ಲಾ ಮಗೂಗೆ ಉಸ್ರು ಕಟ್ಟೋದು? ನಾನು ಬೆನ್ನು ನೀವ್ತಿದ್ನಲ್ಲ, ಇದ್ರ ಮ್ಯಾಲೇ ಕೂರಿಸ್ಕೊಂಡು?"

ಪರೀಕ್ಷೆ ಆಗದೆ ಹೇಳಲಾಗುವುದಿಲ್ಲ ಎಂದೆ. ಅದು ನಿಜವೇ, ಆದರೆ ಆ ಹೊತ್ತಿನಲ್ಲಿ ಅದು ಬಹಳ ಹೇಡಿ ಮಾತಾಗಿ ಕೇಳಿಸಿತು. ಅವರು ಮಂಚದ ಕಾಲು ಹಿಡಿದು ನಿಧಾನವಾಗಿ ನೆಲಕ್ಕೆ ಕೂತರು. ಹಾಸಿಗೆಯ ಮೇಲೆ ಕೂರಲಿಲ್ಲ.

"ಅಂಗಾರೆ ಇವತ್ತು ಮಗು ಎಲ್ಲಿ ಮಲಗ್ಬೇಕು, ನೀನೇ ಯೋಳವ್ವ."

ಧೂಳು ತರುವವರು ಸಲಹೆ ಕೊಡುವಂತಿಲ್ಲ, ಅದೂ ಒಂದು ನಿಯಮ. ಇಡೀ ವರ್ಷ ಪಾಲಿಸಿದ್ದೆ. "ನಿಮ್ಮ ಪಕ್ಕದಲ್ಲೇ ಮಲಗಿಸ್ಕೊಳ್ಳಿ ಅಮ್ಮಾ," ಅಂದೆ. "ಈ ಹಾಸಿಗೆ ಮೇಲೆ ಮಾತ್ರ ಬೇಡ."

"ಮ್ಯಾಲಿನ ಮಂಚಕ್ಕೆ ನಾನು ಹತ್ತಕಾಯ್ತದಾ? ಮೆಟ್ಲು ನೋಡಿದ್ರೇ ಮಂಡಿ ನಡುಗ್ತದೆ."

"ಅಜ್ಜಿ ಬರ್ದಿದ್ರೆ ನಾನೂ ಮೇಲೆ ಮಲಗಲ್ಲ," ಅಂದಳು ಮನಸ್ವಿ.

ರೂಪಾ ಮೇಲೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮಹಡಿಯಲ್ಲಿ ಏನೋ ಎಳೆಯುವ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಬೀಳುವ ಸದ್ದು. ಹೋಗಿ ನೋಡಿದರೆ, ಗುಲಾಬಿ ಮಂಚದ ಹಾಸಿಗೆಯನ್ನು ಒಬ್ಬಳೇ ಕೆಳಗೆಳೆಯುತ್ತಿದ್ದಳು. ಮೆಟ್ಟಿಲು ತಿರುಗುವಲ್ಲಿ ಅದು ಸಿಕ್ಕಿಕೊಂಡಿತ್ತು. ನಾನು ಹತ್ತಿ ಇನ್ನೊಂದು ತುದಿ ಹಿಡಿದೆ. ಅವಳು ಬೇಡವೆನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಇಬ್ಬರೂ ಏದುಸಿರು ಬಿಡುತ್ತಾ ಇಳಿಸಿದೆವು. ಹತ್ತಿಯ ಹಾಸಿಗೆಯನ್ನು ಕೆಳಗೆ ಜಾರಿಸಿ, ಗುಲಾಬಿ ಹಾಸಿಗೆಯನ್ನು ಅಜ್ಜಿಯ ಮರದ ಮಂಚಕ್ಕೆ ಹಾಕಿದೆವು. ಉದ್ದ ಸರಿಯಾಯಿತು, ಅಗಲ ಎರಡು ಕಡೆಯೂ ಗೇಣು ಕಡಿಮೆ ಬಿತ್ತು.

ಮನಸ್ವಿ ಹತ್ತಿ ಎರಡು ಸಲ ಕುಪ್ಪಳಿಸಿ ಅಜ್ಜಿಯ ಕೈ ಜಗ್ಗಿದಳು. ಗೌರಮ್ಮ ಸೊಸೆಯ ಮುಖ ನೋಡಿದರು. "ಮಲ್ಕೊಳ್ಳಿ, ನೋಡೋಣ ಹಿಡಿಸತ್ತಾ ಅಂತ," ಅಂದಳು ರೂಪಾ, ದನಿಯಲ್ಲಿ ಸಿಟ್ಟು ಹಾಗೇ ಇತ್ತು. ಅವರು ಅಂಚಿನಲ್ಲಿ ಕೂತು, ಕಾಲೆತ್ತಿ, ಮೆಲ್ಲನೆ ಒರಗಿದರು.

"ಇದೇನಿಂಗೆ ಕುಣೀತದೆ," ಅಂದರು. ಮೊಮ್ಮಗಳು ಪಕ್ಕಕ್ಕೆ ಜರುಗಿ ಅವರ ತೋಳಿನ ಮೇಲೆ ತಲೆಯಿಟ್ಟಳು. ಅವಳ ಎದೆಯ ಸುಯ್ ಎಂಬ ಸದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸುತ್ತಿತ್ತು.

ಚೀಲವನ್ನು ಐಸ್ ಡಬ್ಬಕ್ಕೆ ಹಾಕಿ, ಯಂತ್ರ ಹೆಗಲಿಗೇರಿಸಿ, ಬರುತ್ತೇನೆ ಎಂದೆ. ಗೌರಮ್ಮ ಮಲಗಿದಲ್ಲಿಂದಲೇ "ಓಗ್ಬಾ ತಾಯಿ," ಅಂದರು. ರೂಪಾ ಅಲ್ಲಿರಲಿಲ್ಲ.

ಬಸ್ ನಿಲ್ದಾಣದಿಂದ ಆ ಮನೆಯ ಹಿತ್ತಿಲು ಕಾಣುತ್ತದೆ. ನಾಲ್ಕೂವರೆಯ ಇಳಿಬಿಸಿಲು. ಕೊಟ್ಟಿಗೆಯ ಪಕ್ಕದ ಗಿಡ್ಡ ಗೋಡೆಯ ಮೇಲೆ ಹತ್ತಿಯ ಹಾಸಿಗೆಯನ್ನು ನೇತುಹಾಕಿ, ಮೂಗಿಗೆ ದುಪಟ್ಟಾ ಸುತ್ತಿಕೊಂಡು, ರೂಪಾ ಕೋಲಿನಿಂದ ಬಡಿಯುತ್ತಿದ್ದಳು. ಪ್ರತಿ ಏಟಿಗೂ ಹೊಗೆಯ ಹಾಗೆ ಧೂಳು ಏಳುತ್ತಿತ್ತು, ಅವಳು ಮುಖ ತಿರುಗಿಸಿ ಮತ್ತೆ ಬಡಿಯುತ್ತಿದ್ದಳು. ಒಂದು ಸಲ ರಸ್ತೆಯ ಕಡೆ ತಿರುಗಿದಳು. ನಾನು ಕೈ ಎತ್ತಿದೆ. ನೋಡಿದಳೋ ಇಲ್ಲವೋ, ಅವಳ ಕೈ ನಿಲ್ಲಲಿಲ್ಲ. ಯಲಹಂಕದ ಬಸ್ ಬಂತು. ಹತ್ತಿ, ಸೀಟು ಹಿಡಿದು, ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಿಂದ ಮತ್ತೆ ನೋಡಿದೆ. ಇನ್ನೂ ಬಡಿಯುತ್ತಲೇ ಇದ್ದಳು. ಒಂದು ವರ್ಷ ಆ ಮನೆಗೆ ಹೋಗಿಬಂದು, ಮಜ್ಜಿಗೆ ಕುಡಿದು, ಮಗು ಎಲ್ಲಿ ಮಲಗುತ್ತದೆಂದು ಕೇಳದವಳು ನಾನು. ಆ ಏಟುಗಳಲ್ಲಿ ಒಂದೆರಡಾದರೂ ನನಗೆ ಸೇರಬೇಕಾದವೇ.